ಮಾತಿಲ್ಲದ ರೋಗಿಯ ಮಗ್ಗುಲಲ್ಲಿ



ಮಂಡ್ಯ ಜಿಲ್ಲೆಯಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ದೊರೆತ ಒಂದು ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು ಕ್ರಿ.ಶ. ೯೫೦ರ ಕಲ್ಲು ಅದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನು, ಬೇಡಿದ್ದನ್ನು ಕೊಡುವೆನೆಂದು ಒಡೆಯನು ಮೆಚ್ಚಿ ನುಡಿದಾಗ, ಊರನ್ನೂ ಕೇಳದೆ ಹೊನ್ನನ್ನೂ ಕೇಳದೆ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನೆಂದು ಶಾಸನ ಹೇಳುತ್ತದೆ. ಆ ಕಾಳಿ ಮುಂದೆ ಒಂದು ಭಾರಿ ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಎರಡು ಪ್ರಾಣಿಗಳೂ ಒಂದಕ್ಕೊಂದು ಎದುರಾಗಿ ಕಾದುತ್ತಿರುವ ಶಿಲ್ಪ ಆ ಕಲ್ಲಿನ ಮೇಲೆ ಇಂದಿಗೂ ಕಾಣುತ್ತದೆ.

ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಕಾಳಿ ಅಂದು ಸಾಯದೆ, ಬೆನ್ನು ಮುರಿದುಕೊಂಡು ಬದುಕಿ ಉಳಿದಿದ್ದರೆ? ಹಿಂಗಾಲುಗಳನ್ನು ನೆಲದ ಮೇಲೆ ಎಳೆಯುತ್ತ ಮಣಲೇರನ ಮನೆಯ ಹಜಾರದಲ್ಲಿ ಮಲಗಿದ್ದರೆ? ಆಗ ಅದರ ಪಕ್ಕದಲ್ಲಿ ಕೂತು, ಕಾಲನ್ನು ನೀವಿ, ಮಡಿಸಿ, ಬಿಡಿಸಿ, ದಿನಕ್ಕೆ ಎರಡು ಹೆಜ್ಜೆಯಂತೆ ನಡೆಯುವುದನ್ನು ಮತ್ತೆ ಕಲಿಸತಕ್ಕ ಮನುಷ್ಯ ಯಾರಿದ್ದನೋ ನಾನರಿಯೆ. ಈ ಕಾಲದಲ್ಲಿ ಅಂಥವರು ಇದ್ದಾರೆ. ನಾಯಿ ಬೆಕ್ಕುಗಳ ಫಿಸಿಯೋಥೆರಪಿಸ್ಟರೆಂದು ಅವರನ್ನು ಕರೆಯುತ್ತಾರೆ. ಕನ್ನಡದಲ್ಲಿ ಭೌತಚಿಕಿತ್ಸಕರೆನ್ನಬಹುದು. ಪಶುವೈದ್ಯನಾದ ನಾನು ಕೆಲವು ಕಾಲದಿಂದ ಇದೇ ಕೆಲಸದಲ್ಲಿದ್ದೇನೆ. ಈ ವಿದ್ಯೆಯನ್ನು ಕಲಿಯುವುದು ಹೇಗೆ ಎಂದು ತರುಣ ತರುಣಿಯರು ಆಗಾಗ ನನ್ನನ್ನು ಕೇಳುತ್ತಾರೆ. ಅವರಿಗೆ ನಾನು ಕೊಡುವ ಉತ್ತರವನ್ನೇ ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಮೊದಲಿಗೆ ಒಂದು ನಾಯಿಯ ಸಂಗತಿ. ಅದರ ಹೆಸರು ರಾಜ. ಡ್ಯಾಷ್‌ಹಂಡ್ ಜಾತಿಯದು, ಉದ್ದ ಬೆನ್ನು, ಗಿಡ್ಡ ಕಾಲು. ಆರು ವರ್ಷದ ಪ್ರಾಣಿ. ನಾನು ಆಗ ಒಬ್ಬ ಹಿರಿಯ ಶಸ್ತ್ರಚಿಕಿತ್ಸಕರ ಕೈಕೆಳಗೆ ಕಲಿಯುತ್ತಿದ್ದೆ. ರಾತ್ರಿ ಮಂಚದಿಂದ ಹಾರಿದ ನಾಯಿ ಬೆಳಗಾಗುವುದರೊಳಗೆ ಹಿಂದಿನ ಎರಡು ಕಾಲುಗಳ ಸ್ವಾಧೀನವನ್ನೂ ಕಳೆದುಕೊಂಡಿತ್ತು. ಮನೆಯ ಅಜ್ಜಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮಗುವಿನಂತೆ ಎತ್ತಿಕೊಂಡು ಬಂದಿದ್ದರು. ನಾನು ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಅಮುಕಿದೆ. ಕಾಲು ಸರಕ್ಕನೆ ಹಿಂದಕ್ಕೆ ಹೋಯಿತು. ಅಜ್ಜಿಯ ಮುಖ ಅರಳಿತು. ನನ್ನ ಮುಖವೂ ಅರಳಿತೆಂದು ಕಾಣುತ್ತದೆ. ಹಿರಿಯರು ಮೆಲ್ಲನೆ ನನ್ನ ಭುಜ ಮುಟ್ಟಿ, "ಕಾಲನ್ನು ನೋಡಬೇಡ. ಮುಖ ನೋಡು" ಎಂದರು. ಮತ್ತೆ ಅಮುಕಿದೆ. ಕಾಲು ಮತ್ತೆ ಹಿಂದಕ್ಕೆ ಹೋಯಿತು. ರಾಜ ಮಾತ್ರ ತಲೆ ತಿರುಗಿಸಲಿಲ್ಲ, ಕಣ್ಣು ಅಗಲಿಸಲಿಲ್ಲ, ಉಸಿರಿನ ಲಯವನ್ನೂ ಬದಲಿಸಲಿಲ್ಲ. ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತ ಮಲಗಿತ್ತು.

ಇದರ ಅರ್ಥವೇನು? ಬೆರಳಿನ ನೋವು ಬೆನ್ನುಹುರಿಯ ಕೆಳಭಾಗದವರೆಗೆ ಹೋಗಿ, ಅಲ್ಲಿಂದಲೇ ಹಿಂತಿರುಗಿ ಕಾಲನ್ನು ಎಳೆದುಕೊಳ್ಳುತ್ತದೆ. ಅದಕ್ಕೆ ಮಿದುಳಿನ ಅಪ್ಪಣೆ ಬೇಡ. ಆ ನೋವು ಬೆನ್ನಿನುದ್ದಕ್ಕೂ ಏರಿ ಮಿದುಳನ್ನು ಮುಟ್ಟಿದರೆ ಮಾತ್ರ ನಾಯಿ ತಿರುಗಿ ನೋಡುತ್ತದೆ, ಕುಂಯ್ಗುಟ್ಟುತ್ತದೆ, ಕಚ್ಚಲು ಬರುತ್ತದೆ. ತಿರುಗಿ ನೋಡುವ ನಾಯಿಗೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದರೆ, ಹತ್ತರಲ್ಲಿ ಒಂಬತ್ತು ಮತ್ತೆ ನಡೆಯುತ್ತವೆ. ತಿರುಗಿ ನೋಡದ ನಾಯಿಗಳಲ್ಲಿ ನಡೆಯುವವು ಅರ್ಧದಷ್ಟು ಮಾತ್ರ. ಅಂದು ರಾಜನಿಗೆ ಶಸ್ತ್ರಚಿಕಿತ್ಸೆಯಾಯಿತು. ಅದರ ಮುಂದಿನ ಸಂಗತಿಗೆ ಆಮೇಲೆ ಬರುತ್ತೇನೆ.

ಈ ಒಂದು ಮಾತನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ರೋಗಿ ಮಾತನಾಡುವುದಿಲ್ಲ. "ಇಲ್ಲಿ ನೋವು, ಇಲ್ಲಿ ಜೋಮು" ಎಂದು ಹೇಳುವುದಿಲ್ಲ. ಆದಕಾರಣ ಈ ವಿದ್ಯೆಯ ಮೊದಲ ಪಾಠವೂ ಕಡೆಯ ಪಾಠವೂ, ಕೈ ಕೆಲಸ ಮಾಡುತ್ತಿರುವಾಗ ಕಣ್ಣು ಪ್ರಾಣಿಯ ಮುಖದ ಮೇಲಿರಬೇಕೆಂಬುದೇ.

ಇನ್ನು, ಈ ವೃತ್ತಿ ಎಲ್ಲಿಂದ ಬಂತು? ಪಶುಚಿಕಿತ್ಸೆ ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಚಾಲುಕ್ಯ ವಂಶದ ಕೀರ್ತಿವರ್ಮನು 'ಗೋವೈದ್ಯ'ವನ್ನು ಕನ್ನಡದಲ್ಲಿ ಬರೆದನು. ಆದರೆ ಅಂಗಗಳನ್ನು ದುಡಿಸಿ ಗುಣಪಡಿಸುವ ಈ ಶಾಖೆ ಮೊದಲು ಮನುಷ್ಯರ ಆಸ್ಪತ್ರೆಯಲ್ಲಿ ಬೆಳೆದು, ಅಲ್ಲಿಂದ ಲಾಯಕ್ಕೆ ಬಂತು. ಇಂಗ್ಲೆಂಡಿನ ಚಾರ್ಲ್ಸ್ ಸ್ಟ್ರಾಂಗ್ ಎಂಬವರು ಮನುಷ್ಯರ ಸ್ನಾಯುಗಳಿಗೆ ಕೊಡುತ್ತಿದ್ದ ವಿದ್ಯುತ್ ಚಿಕಿತ್ಸೆಯನ್ನು ಲಾರ್ಡ್ ಮೌಂಟ್‌ಬ್ಯಾಟನ್ನರ ಪೋಲೋ ಕುದುರೆಗಳಿಗೆ ಕೊಟ್ಟು ನೋಡಿದರು. ನಾಯಿ ಬೆಕ್ಕುಗಳ ಸರದಿ ಬರಲು ಬಹುಕಾಲ ಹಿಡಿಯಿತು. ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದ ಡ್ಯಾರಿಲ್ ಮಿಲ್ಲಿಸ್ ಮತ್ತು ಅವರ ಸಂಗಡಿಗರು ನಾಯಿಗಳ ಪುನಶ್ಚೇತನವನ್ನು ಕುರಿತ ದೊಡ್ಡ ಗ್ರಂಥವನ್ನು ಪ್ರಕಟಿಸಿದ್ದು ೨೦೦೪ರಲ್ಲಿ. ಆ ದೇಶದ ಪಶುವೈದ್ಯರು ಇದಕ್ಕೆ ಪ್ರತ್ಯೇಕ ತಜ್ಞಶಾಖೆಯ ಮನ್ನಣೆ ಕೊಟ್ಟದ್ದು ೨೦೧೦ರಲ್ಲಿ. ಇತ್ತೀಚಿನದು, ನೋಡಿ. ಇಂದು ಈ ಕ್ಷೇತ್ರಕ್ಕೆ ಬರುವ ತರುಣರು ತಡವಾಗಿ ಬಂದವರೇನಲ್ಲ.

ಮುಖವನ್ನು ನೋಡಬೇಕೆಂದೆ, ವೃತ್ತಿಯ ಹುಟ್ಟನ್ನು ಹೇಳಿದೆ. ಈಗ, ಕಲಿಯುವ ದಾರಿ.

ನಮ್ಮ ದೇಶದಲ್ಲಿ ಪ್ರಾಣಿಗಳಿಗೆ ಚಿಕಿತ್ಸೆ ಮಾಡುವ ಅಧಿಕಾರವನ್ನು ೧೯೮೪ರ ಭಾರತೀಯ ಪಶುವೈದ್ಯ ಪರಿಷತ್ತಿನ ಅಧಿನಿಯಮವು ನೋಂದಾಯಿತ ಪಶುವೈದ್ಯರಿಗೆ ಕೊಟ್ಟಿದೆ. ಆದ್ದರಿಂದ ನೇರವಾದ ದಾರಿಯೆಂದರೆ ಪಶುವೈದ್ಯ ಪದವಿ. ತರಬೇತಿಯೂ ಸೇರಿ ಐದೂವರೆ ವರ್ಷದ ವ್ಯಾಸಂಗ. ಬೆಂಗಳೂರಿನ ಹೆಬ್ಬಾಳದ ಕಾಲೇಜು ೧೯೫೮ರಿಂದ ಇದೆ. ಬೀದರ್, ಶಿವಮೊಗ್ಗ, ಹಾಸನಗಳಲ್ಲಿಯೂ ಕಾಲೇಜುಗಳಿವೆ. ಪದವಿಯಾದ ಮೇಲೆ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಹೆಚ್ಚಿನ ವ್ಯಾಸಂಗ ಮಾಡಿದವರಿಗೆ ಮೂಳೆ, ಕೀಲು, ನರಗಳ ಪರಿಚಯ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ನಾಯಿಗಳ ಪುನಶ್ಚೇತನಕ್ಕೇ ಮೀಸಲಾದ ಪ್ರಮಾಣಪತ್ರದ ಶಿಕ್ಷಣವನ್ನು ಪಡೆಯಬಹುದು.

ಎರಡನೆಯ ದಾರಿಯೂ ಒಂದುಂಟು. ಇಂಗ್ಲೆಂಡಿನಲ್ಲಿ ಅದು ಹಳೆಯದು. ಮನುಷ್ಯರ ಫಿಸಿಯೋಥೆರಪಿ ಕಲಿತವರು ಅಲ್ಲಿ ಪ್ರಾಣಿಗಳ ಶರೀರರಚನೆಯನ್ನು ಮತ್ತೆ ಕಲಿತು ಈ ಕಡೆಗೆ ಬರುತ್ತಾರೆ. ಆದರೆ ಮೊದಲು ಪಶುವೈದ್ಯರು ಪ್ರಾಣಿಯನ್ನು ಪರೀಕ್ಷಿಸಿರಬೇಕು. ಅವರ ನಿರ್ದೇಶನದಲ್ಲಿಯೇ ಚಿಕಿತ್ಸೆ ನಡೆಯಬೇಕು. ಈ ನಿಯಮ ಅಲ್ಲಿ ೧೯೬೦ರ ದಶಕದಿಂದ ಜಾರಿಯಲ್ಲಿದೆ. ಅದು ಬಹಳ ಸರಿಯಾದ ನಿಯಮವೆಂದೇ ನನ್ನ ನಂಬುಗೆ. ಏತಕ್ಕೆಂದರೆ, ಕುಂಟುವ ನಾಯಿಯ ಕಾಲಿನಲ್ಲಿ ಇರುವುದು ಬರಿಯ ಉಳುಕೋ, ಮೂಳೆಯೊಳಗೆ ಬೆಳೆಯುತ್ತಿರುವ ಗಂತಿಯೋ ಎಂಬುದನ್ನು ತಿಳಿಯದೆ ಅದನ್ನು ನೀವತೊಡಗುವುದು ದೊಡ್ಡ ಅಪರಾಧವಾಗುತ್ತದೆ. ಮನುಷ್ಯರ ಫಿಸಿಯೋಥೆರಪಿ ಓದಿದ ನಮ್ಮ ತರುಣರಿಗೂ ನಾನು ಹೇಳುವುದಿಷ್ಟೇ. ನಿಮ್ಮ ಕೈಯ ಪಳಗಿಕೆ ನಮಗೆ ಬೇಕು. ಪಶುವೈದ್ಯರ ಜೊತೆಗೂಡಿ ಬನ್ನಿ, ಒಬ್ಬರೇ ಹೊರಡಬೇಡಿ.

ಪದವಿಯ ದಾರಿ ಆಯಿತು. ಪದವಿಯಾದ ಮೇಲೆ ಕೈ ಏನನ್ನು ಕಲಿಯಬೇಕು?

ಕೈ ಮೊದಲು ಅಳೆಯುವುದನ್ನು ಕಲಿಯಬೇಕು. ದರ್ಜಿಯ ಟೇಪು ನಮ್ಮ ಮುಖ್ಯ ಉಪಕರಣ. ಎರಡು ತೊಡೆಗಳನ್ನೂ ಒಂದೇ ಎತ್ತರದಲ್ಲಿ ಸುತ್ತಳತೆ ತೆಗೆಯುತ್ತೇವೆ. ಊರದೆ ಬಿಟ್ಟ ಕಾಲಿನ ಮಾಂಸಖಂಡ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಕಣ್ಣಿಗೆ ಕಾಣದ್ದನ್ನು ಟೇಪು ಹೇಳುತ್ತದೆ. ಕೀಲು ಎಷ್ಟು ಮಡಿಸುತ್ತದೆ, ಎಷ್ಟು ಚಾಚುತ್ತದೆ ಎಂಬುದಕ್ಕೆ ಕೋನಮಾಪಕವಿದೆ. ಆರೋಗ್ಯವಂತ ಲ್ಯಾಬ್ರಡಾರ್ ನಾಯಿಯ ಮಂಡಿ ಸುಮಾರು ೪೦ ಡಿಗ್ರಿಯವರೆಗೆ ಮಡಿಸುತ್ತದೆ, ೧೬೦ ಡಿಗ್ರಿಯವರೆಗೆ ಚಾಚುತ್ತದೆ. ಪಾದದ ಪರೀಕ್ಷೆಯೊಂದಿದೆ. ಪಾದವನ್ನು ಮಗುಚಿ, ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡುತ್ತೇವೆ. ಸ್ವಸ್ಥವಾದ ನಾಯಿ ತಟ್ಟನೆ ಅದನ್ನು ಸರಿಮಾಡಿಕೊಳ್ಳುತ್ತದೆ. ಬೆನ್ನುಹುರಿ ಪೆಟ್ಟಾದ ನಾಯಿಗೆ ತನ್ನ ಪಾದ ಎಲ್ಲಿದೆ ಎಂಬುದೇ ತಿಳಿಯದು. ಮಗುಚಿದ ಪಾದದ ಮೇಲೆಯೇ ನಿಂತಿರುತ್ತದೆ.

ಆಮೇಲೆ ಯಂತ್ರಗಳು. ಅವುಗಳಲ್ಲಿ ಜನರನ್ನು ಬಹಳ ಆಕರ್ಷಿಸುವುದು ನೀರಿನ ಟ್ರೆಡ್‌ಮಿಲ್. ಒಂದು ಗಾಜಿನ ತೊಟ್ಟಿ. ತಳದಲ್ಲಿ ಮೆಲ್ಲನೆ ಚಲಿಸುವ ಪಟ್ಟಿ. ನಾಯಿ ಒಳಗೆ ನಿಂತಮೇಲೆ ಉಗುರುಬೆಚ್ಚನೆಯ ನೀರು ಏರುತ್ತದೆ. ನೀರು ಹಿಮ್ಮಡಿಯ ಕೀಲಿನ ಮಟ್ಟದಲ್ಲಿದ್ದರೆ ಮೈಭಾರದ ನೂರರಲ್ಲಿ ೯೦ ಪಾಲು ಕಾಲುಗಳ ಮೇಲೆಯೇ ಇರುತ್ತದೆ. ಮಂಡಿಗೆ ಬಂದರೆ ೮೫. ಸೊಂಟದ ಕೀಲಿಗೆ ಏರಿತೆಂದರೆ ೪೦ಕ್ಕೂ ಕಡಮೆ. ನೆಲದ ಮೇಲೆ ನಿಲ್ಲಲಾರದ ಪ್ರಾಣಿ ಆ ನೀರಿನಲ್ಲಿ ನಿಲ್ಲುತ್ತದೆ. ನಿಂತ ಪ್ರಾಣಿ ನಡೆಯುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಮಂಡಿಯ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾಗಿದ್ದ ಒಂದು ಲ್ಯಾಬ್ರಡಾರ್ ನಾಯಿಯನ್ನು ಹತ್ತು ನಿಮಿಷ ನಡೆಸಬೇಕಾಗಿದ್ದ ಕಡೆ ನಾನು ಇಪ್ಪತ್ತು ನಿಮಿಷ ನಡೆಸಿದೆ. ಅದು ಬಾಲ ಅಲ್ಲಾಡಿಸುತ್ತಲೇ ಇತ್ತು. ಬಾಲವನ್ನು ನೋಡಿ ನಾನು ಮುಖವನ್ನು ಮರೆತೆ. ಕಿವಿಗಳು ಹಿಂದಕ್ಕೆ ಒರಗಿದ್ದವು, ನಾಲಿಗೆ ಅಗಲವಾಗಿ ಜೋತುಬಿದ್ದಿತ್ತು, ಹೆಜ್ಜೆ ಗಿಡ್ಡವಾಗುತ್ತಿತ್ತು. ಮಾರನೆಯ ದಿನ ಅದು ಏಳಲೇ ಇಲ್ಲ. ಮೂರು ದಿನ ಅದರ ಮನೆಗೆ ಹೋಗಿ ಪಕ್ಕದಲ್ಲಿ ಕೂತು ಮಂಡಿಗೆ ತಣ್ಣನೆಯ ಬಟ್ಟೆ ಇಟ್ಟೆ. ಒಳ್ಳೆಯ ಸ್ವಭಾವದ ನಾಯಿಗಳು ನಮ್ಮನ್ನು ಸಂತೋಷಪಡಿಸಲೆಂದು ನೋವನ್ನು ನುಂಗಿಕೊಳ್ಳುತ್ತವೆ. ಅಂಥವುಗಳ ವಿಷಯದಲ್ಲಿ ನಾವು ಎರಡು ಪಟ್ಟು ಎಚ್ಚರವಾಗಿರಬೇಕು.

ಅಳತೆಯ ಮಾತಾಯಿತು, ಯಂತ್ರದ ಮಾತಾಯಿತು. ಆದರೂ ಪ್ರಾಣಿ ಗುಣವಾಗುವುದು ಎಲ್ಲಿ ಎಂದು ಕೇಳಿದರೆ, ಮನೆಯಲ್ಲಿ ಎನ್ನುತ್ತೇನೆ. ನಮ್ಮ ಬಳಿ ಅದು ವಾರಕ್ಕೆ ಎರಡು ಗಂಟೆ ಇರುತ್ತದೆ. ಉಳಿದ ಹೊತ್ತೆಲ್ಲ ಮನೆಯವರದು. ಆದ್ದರಿಂದ ಈ ವೃತ್ತಿಯವನು ಅರ್ಧ ಚಿಕಿತ್ಸಕ, ಅರ್ಧ ಮೇಷ್ಟರು.

ರಾಜನ ಮನೆಗೆ ಹೋಗೋಣ. ಬೆಂಗಳೂರಿನ ಹಳೆಯ ಬಡಾವಣೆಯ ಮನೆ ಅದು. ಕೆಂಪು ಗಾರೆಯ ನೆಲ. ಅಜ್ಜಿ ಮದುವೆಯಾಗಿ ಬಂದಂದಿನಿಂದ ಒರೆಸಿ ಒರೆಸಿ, ಮುಖ ನೋಡಿಕೊಳ್ಳುವಷ್ಟು ಹೊಳಪು ಬಂದಿತ್ತು. ಆ ನೆಲದ ಮೇಲೆ ಸ್ವಸ್ಥವಾದ ನಾಯಿಯ ಕಾಲೂ ಜಾರುತ್ತದೆ. "ಅಮ್ಮಾ, ಈ ನೆಲವನ್ನು ಮುಚ್ಚಬೇಕು" ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಮೊಮ್ಮಗನನ್ನು ಕರೆದರು. ಜಮಖಾನ ಹಾಸಿದರು, ಅದೂ ಜಾರಿತು. ಕಡೆಗೆ ಯೋಗಾಸನಕ್ಕೆ ಹಾಸುವ ರಬ್ಬರಿನ ಮ್ಯಾಟುಗಳನ್ನು ತಂದು, ನಡುಮನೆಯಿಂದ ಹಿತ್ತಿಲ ಬಾಗಿಲವರೆಗೆ ಒಂದರ ಪಕ್ಕ ಒಂದು ಹಾಸಿದರು. ಮಂಚದಿಂದ ಹಾರುವುದು ಅಂದಿಗೇ ನಿಂತಿತು. ಡ್ಯಾಷ್‌ಹಂಡ್ ಸಾಕಿದವರೆಲ್ಲರೂ ಇದನ್ನು ಕೇಳಿಸಿಕೊಳ್ಳಬೇಕು. ಆ ಜಾತಿಯ ಕಾಲನ್ನು ಗಿಡ್ಡಮಾಡುವ ವಂಶಗುಣವೇ ಅದರ ಬೆನ್ನುಮಣಿಗಳ ನಡುವಿನ ಮೆತ್ತೆಯನ್ನೂ, ಅಂದರೆ ಡಿಸ್ಕನ್ನೂ, ಎಳೆಯ ವಯಸ್ಸಿನಲ್ಲೇ ಗಟ್ಟಿಯಾಗಿಸುತ್ತದೆ. ಗಟ್ಟಿಯಾದ ಡಿಸ್ಕ್ ಒಂದು ದಿನ ಸಿಡಿದು ಬೆನ್ನುಹುರಿಯನ್ನು ಒತ್ತುತ್ತದೆ.

ಮನೆಯಲ್ಲಿದ್ದ ವಸ್ತುಗಳೇ ಉಪಕರಣಗಳಾದವು. ಹಳೆಯ ಪಂಚೆಯನ್ನು ಮಡಿಸಿ ಹೊಟ್ಟೆಯ ಕೆಳಗೆ ಹಾಕಿ, ಎರಡು ತುದಿಗಳನ್ನೂ ಮೇಲೆ ಹಿಡಿದರೆ ಹಿಂಭಾಗವನ್ನು ಎತ್ತಿ ನಡೆಸುವ ಜೋಲಿಯಾಯಿತು. ಪೊರಕೆಯ ಕೋಲುಗಳನ್ನು ನೆಲದ ಮೇಲೆ ಗೇಣಿಗೊಂದರಂತೆ ಅಡ್ಡ ಇಟ್ಟದ್ದು ಹೆಜ್ಜೆಯನ್ನು ಎತ್ತಿ ಇಡುವ ಅಭ್ಯಾಸಕ್ಕೆ. ಸೊಸೆ ಮೂತ್ರಕೋಶವನ್ನು ಕೈಯಿಂದ ಒತ್ತಿ ಖಾಲಿಮಾಡುವುದನ್ನು ಕಲಿತರು. ಸ್ವಾಧೀನ ತಪ್ಪಿದ ನಾಯಿ ತಾನಾಗಿ ಮೂತ್ರ ಮಾಡಲಾರದು. ದಿನಕ್ಕೆ ಮೂರು ನಾಲ್ಕು ಸಲ ಇದು ಆಗಲೇಬೇಕು. ಹೊಟ್ಟೆಯ ಹಿಂಭಾಗದಲ್ಲಿ ನೀರು ತುಂಬಿದ ಬಲೂನಿನಂತೆ ಕೈಗೆ ಸಿಗುತ್ತದೆ ಎಂದು ನಾನು ಅವರ ಬೆರಳುಗಳನ್ನು ಹಿಡಿದು ತೋರಿಸಿದೆ. ಮೊದಲ ದಿನ ಅವರಿಗೆ ಕಣ್ಣೀರು ಬಂತು. ನಾಲ್ಕನೆಯ ದಿನ ನನಗಿಂತ ಚೆನ್ನಾಗಿ ಮಾಡಿದರು. ಮಗ್ಗುಲು ಬದಲಿಸುವುದು ಮೊಮ್ಮಗನ ಪಾಲಿಗೆ ಬಂತು. ನಾಲ್ಕು ಗಂಟೆಗೊಮ್ಮೆ, ರಾತ್ರಿ ಅಲಾರಂ ಇಟ್ಟುಕೊಂಡು.

ಇಲ್ಲಿಯವರೆಗೆ ನಾಯಿಯ ಮಾತೇ ಆಯಿತು. ಬೆಕ್ಕನ್ನು ಮರೆತರೆ ಅನ್ಯಾಯವಾದೀತು. ೨೦೦೨ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹನ್ನೆರಡು ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್‌ರೇ ಚಿತ್ರಗಳನ್ನು ಪರೀಕ್ಷಿಸಿದಾಗ ತೊಂಬತ್ತರಲ್ಲಿ ಕೀಲುಸವೆತ ಕಂಡುಬಂತು. ಆದರೆ ಬೆಕ್ಕು ಕುಂಟುವುದು ಅಪರೂಪ. ಅದು ತನ್ನ ನೋವನ್ನು ಬಚ್ಚಿಡುತ್ತದೆ. ಹಾಗಿರುವಾಗ ತಿಳಿಯುವುದು ಹೇಗೆ? ಮೊದಲು ಅಟ್ಟಕ್ಕೆ ಒಂದೇ ನೆಗೆತಕ್ಕೆ ಏರುತ್ತಿದ್ದ ಬೆಕ್ಕು ಈಗ ಕುರ್ಚಿ, ಮೇಜು, ಆಮೇಲೆ ಅಟ್ಟ ಎಂದು ಮೆಟ್ಟಿಲು ಹುಡುಕುತ್ತದೆಯೆ? ಸೊಂಟದ ಹತ್ತಿರದ ಕೂದಲು ಗಂಟುಗಟ್ಟಿದೆಯೆ? ಅಲ್ಲಿಯವರೆಗೆ ಬಾಗಿ ನೆಕ್ಕಿಕೊಳ್ಳಲು ಅದಕ್ಕೆ ಆಗುತ್ತಿಲ್ಲ. ಮಣ್ಣಿನ ತಟ್ಟೆಯ ಹೊರಗೆ ಗಲೀಜು ಮಾಡುತ್ತಿದೆಯೆ? ತಟ್ಟೆಯ ಅಂಚು ಎತ್ತರವಾಗಿ ಅದಕ್ಕೆ ಕಾಲೆತ್ತುವುದು ಕಷ್ಟವಾಗಿರಬಹುದು. "ಮುದಿಯಾಯಿತು, ಸಿಡುಕಾಯಿತು" ಎಂದು ಬಯ್ಯುವ ಮೊದಲು ಇವನ್ನು ನೋಡಿ.

ಬೆಕ್ಕಿಗೆ ಚಿಕಿತ್ಸೆಯನ್ನು ಬಲವಂತದಿಂದ ಮಾಡಲಾಗದು. ಹಿಡಿದು ಕೂರಿಸಿದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ನಾನು ನೆಲದ ಮೇಲೆ ಕೂತು ಕಾಯುತ್ತೇನೆ. ಅದು ಬಂದು ಕೈ ಮೂಸಬೇಕು. ಮೂರು ನಾಲ್ಕು ನಿಮಿಷ ನೀವಿಸಿಕೊಂಡು ಅದು ಎದ್ದುಹೋದರೆ ನಾನೂ ಎದ್ದುಬಿಡುತ್ತೇನೆ. ಮೀನಿನ ಚೂರನ್ನು ಒಂದು ದಿನ ನೆಲದ ಮೇಲೆ, ಮರುದಿನ ದಪ್ಪ ಪುಸ್ತಕದ ಮೇಲೆ, ಇನ್ನೊಂದು ದಿನ ಮೆಟ್ಟಿಲ ಮೇಲೆ ಇಟ್ಟರೆ ಬೆಕ್ಕು ತನಗೆ ತಿಳಿಯದಂತೆಯೇ ವ್ಯಾಯಾಮ ಮಾಡುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ದಯವಿಟ್ಟು ಗಮನವಿಟ್ಟು ಕೇಳಿ. ಬೆಕ್ಕಿಗೆ ನೋವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಕೊಡಬೇಡಿ. ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗೆ ಐಬುಪ್ರೊಫೆನ್ ಕೊಡುವುದೂ ಅಪಾಯವೇ. ಕನಿಕರದಿಂದ ಕೊಟ್ಟ ಮಾತ್ರೆಯಿಂದ ಸತ್ತ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಬಂದವರನ್ನು ನಾನು ನೋಡಿದ್ದೇನೆ. ಅವರಿಗೆ ಹೇಳುವುದಕ್ಕೆ ನನ್ನಲ್ಲಿ ಮಾತಿರಲಿಲ್ಲ.

ಈ ಕೆಲಸಕ್ಕೆ ಬರಬೇಕೆನ್ನುವವರು ಇನ್ನೂ ಎರಡು ವಿಷಯ ತಿಳಿದಿರಬೇಕು. ದಿನವಿಡೀ ನೆಲದ ಮೇಲೆ ಕೂತು, ಬಗ್ಗಿ, ಮೂವತ್ತು ಕಿಲೋ ತೂಗುವ ಪ್ರಾಣಿಗಳನ್ನು ಎತ್ತಿ ಇಳಿಸುವುದರಿಂದ ನಮ್ಮ ಬೆನ್ನೂ ಮಂಡಿಯೂ ಸವೆಯುತ್ತವೆ, ಕಚ್ಚಿಸಿಕೊಳ್ಳುವುದೂ ಉಂಟು. ಇನ್ನೊಂದು, ಎಲ್ಲ ನಾಯಿಗಳೂ ನಡೆಯುವುದಿಲ್ಲ. ಕೆಲವಕ್ಕೆ ಎರಡು ಗಾಲಿಯ ಬಂಡಿ ಕಟ್ಟಿಕೊಡುತ್ತೇವೆ, ಅವು ಅದರಲ್ಲಿಯೇ ಸಂತೋಷವಾಗಿ ಓಡಾಡುತ್ತವೆ. ಕೆಲವಕ್ಕೆ ಅದೂ ಆಗುವುದಿಲ್ಲ. ಆ ಸುದ್ದಿಯನ್ನು ಮನೆಯವರಿಗೆ ನಿಧಾನವಾಗಿ, ಸುಳ್ಳು ಬೆರೆಸದೆ ಹೇಳಲು ಕಲಿಯಬೇಕು. ನನಗೆ ಅದು ಇಂದಿಗೂ ಸುಲಭವಾಗಿಲ್ಲ.

ರಾಜನ ಸಂಗತಿಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಶಸ್ತ್ರಚಿಕಿತ್ಸೆಯಾದ ಮೇಲೆ ದಿನ ಬಿಟ್ಟು ದಿನ ಅವರ ಮನೆಗೆ ಹೋಗುತ್ತಿದ್ದೆ. ಕಾಲುಗಳನ್ನು ಸೈಕಲ್ ತುಳಿಸಿದಂತೆ ಆಡಿಸುವುದು, ಜೋಲಿಯಲ್ಲಿ ನಿಲ್ಲಿಸುವುದು, ಕಡೆಗೆ ಇಕ್ಕಳದಿಂದ ಬೆರಳನ್ನು ಅಮುಕಿ ಮುಖ ನೋಡುವುದು. ಹತ್ತು ದಿನ ಕಳೆಯಿತು. ಮುಖದಲ್ಲಿ ಏನೂ ಇಲ್ಲ. ಎರಡು ವಾರ ಕಳೆಯಿತು. ಏನೂ ಇಲ್ಲ. ಅಜ್ಜಿ ಪ್ರತಿ ಸಲವೂ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು, ಏನನ್ನೂ ಕೇಳುತ್ತಿರಲಿಲ್ಲ.

ಹದಿನೆಂಟನೆಯ ದಿನ ಎಡಗಾಲಿನ ಹೊರಬೆರಳನ್ನು ಅಮುಕಿದೆ. ರಾಜ ಉಸಿರು ಬಿಗಿಹಿಡಿಯಿತು. ಕಿವಿ ಅಲುಗಿತು. ತಲೆಯನ್ನು ಪೂರ್ತಿಯಾಗಿ ಹಿಂದಕ್ಕೆ ಹೊರಳಿಸಿ, ನನ್ನ ಕೈಯನ್ನು ನೋಡಿ, ಹಲ್ಲು ತೋರಿಸಿ ಗುರ್ರೆಂದಿತು. ನಾನು ಇನ್ನೊಮ್ಮೆ ಅಮುಕಿದೆ. ಇನ್ನೊಮ್ಮೆ ಗುರ್ರೆಂದಿತು. ಅಜ್ಜಿ ಸರಸರನೆ ಬಂದು ನನ್ನ ಕೈಯನ್ನು ಸರಿಸಿ, ನಾಯಿಯ ಪಾದವನ್ನು ತಮ್ಮ ಅಂಗೈಯಲ್ಲಿ ಮುಚ್ಚಿಕೊಂಡು ಗದರಿದರು:

"ಸಾಕು ಬಿಡಿ ಡಾಕ್ಟ್ರೇ, ಪಾಪ, ಅದಕ್ಕೆ ನೋಯುತ್ತೆ!"